ತೂಕ ಕೇಳದ ಅಂಬಿಗ

ಇವತ್ತು ಮಧ್ಯಾಹ್ನ ಅಂಬಿಕಾ ಫೋನ್ ಮಾಡಿದಳು. ವಾಡಿಯ ಹುಡುಗಿ. ಚಿಂಚೋಳಿ ಹಿನ್ನೀರಿನ ನಮ್ಮ ಜಲಕ್ರೀಡಾ ಕೇಂದ್ರದಲ್ಲಿ ನಾನು ಬಿಟ್ಟು ಬಂದ ಜಾಗಕ್ಕೆ ಬಂದವಳು, ಇನ್ನೂ ಎರಡು ತಿಂಗಳಾಗಿಲ್ಲ.

"ಸರ್, ಒಬ್ಬರು ಅಕ್ಕಾರು ಬಂದಿದ್ರು, ವಿಂಡ್‌ಸರ್ಫಿಂಗ್ ಕಲೀಲಿಕ್ಕಿ ಬರ್ತೀನಿ ಅಂದಾರ್ರಿ. ನಾಡದು ಬರ್ತಾರ. ಜರಾ ದಪ್ಪ ಅದಾರ. ಯಾವ ಬೋರ್ಡ್ ಕೊಡ್ಲಿ?"

"ತೂಕ ಎಷ್ಟು?"

ಆಕೆ ದನಿ ತಗ್ಗಿಸಿ, "ಅದು ಹೆಂಗ ಕೇಳೂದ್ರಿ ಸರ್? ಹೆಣ್ಮಕ್ಕಳು, ಬ್ಯಾಸರ ಮಾಡ್ಕೊಂತಾರ. ನೋಡಿದ್ರ ಒಂದ್ ತೊಂಬತ್ತು ಇರಬೌದು" ಅಂದಳು.

ನೋಡಿದ್ರ ಅಂದಳಲ್ಲ, ಆ ಒಂದು ಮಾತಿಗೆ ಕುರ್ಚಿಯಿಂದ ಎದ್ದುನಿಂತೆ. "ನೋಡಿ ಹೇಳಬ್ಯಾಡ! ನಿನ್ನ ಕಣ್ಣು ತೂಗೂ ಕಾಂಟಾ ಏನು?" ಎಂದು ಎಷ್ಟು ಜೋರಾಗಿ ಒದರಿದೆನೆಂದರೆ ಅಡುಗೆಮನೆಯಿಂದ ನನ್ನ ಹೆಂಡತಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಹುಡುಗಿ ಹೆದರಿ ಫೋನ್ ಇಟ್ಟಳು. ಆಮೇಲೆ ಸಂಜೆಯವರೆಗೆ ನನಗೆ ಸಮಾಧಾನವಿಲ್ಲ. ಬೈದದ್ದು ಆಕೆಯನ್ನಲ್ಲ, ನನ್ನನ್ನೇ. ಬೈಗುಳದಿಂದ ಯಾರೂ ಕೆಲಸ ಕಲಿಯುವುದಿಲ್ಲ ಎನ್ನುವುದೂ ನನಗೆ ಗೊತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಆ ಅಕ್ಕ ನೀರಿಗೆ ಇಳಿಯುವುದರೊಳಗೆ ಈ ಹಾಳೆಗಳ ಫೋಟೊ ಅಂಬಿಕಾಗೆ ಮುಟ್ಟಬೇಕು. ಆಕೆಯ ಹಿಂದೆ ಈ ಕೆಲಸಕ್ಕೆ ಬರುವವರೂ ಓದಲಿ. ನಾನು ಯಾವಾಗ ಯಾವ ಹುದ್ದೆಗೆ ಏರಿದೆ ಎಂಬ ಪುರಾಣ ಇದರಲ್ಲಿಲ್ಲ. ಒಬ್ಬ ಮನುಷ್ಯನನ್ನು ನಾನು ಹೇಗೆ ಮುಳುಗಿಸಲಿಕ್ಕೆ ಹೊರಟಿದ್ದೆ ಎಂಬುದು ಇದೆ.

ನಮ್ಮದು ಸೇಡಂ, ಮನೆ ಕಾಗಿಣಾ ಹೊಳೆಯ ದಂಡೆಗೇ. ಅಪ್ಪ ದೋಣಿ ಹಾಕುತ್ತಿದ್ದ. ಹೊಲಕ್ಕೆ ಹೋಗುವವರು, ಪೂಜೆಗೆ ಹೋಗುವ ಆಚಾರ್ಯರು, ಮದುವೆ ಮಂದಿ, ಎಲ್ಲರನ್ನೂ ದಾಟಿಸಿದವ. ಅಪ್ಪನಿಗೆ ಎರಡು ನೇಮವಿದ್ದವು. ಮೊದಲನೆಯದು, ಎಷ್ಟೇ ಮಂದಿ ಹತ್ತಿದರೂ ದೋಣಿಯ ಅಂಚಿಗೂ ನೀರಿಗೂ ನಡುವೆ ನಾಲ್ಕು ಬೆರಳು ಒಣ ಹಲಗೆ ಉಳಿಯಬೇಕು. ಹೊರಡುವ ಮೊದಲು ಬಗ್ಗಿ ಕೈಯಿಟ್ಟು ಅಳೆಯುತ್ತಿದ್ದ. ಮೂರು ಬೆರಳಾದರೆ ಸ್ವಂತ ಸೋದರಮಾವನನ್ನೂ ಕೆಳಗಿಳಿಸುತ್ತಿದ್ದ. ಎರಡನೆಯದು, ಹತ್ತಿದವರ ತೂಕ ಯಾವತ್ತೂ ಕೇಳಬಾರದು.

"ನೀರಿನ ಮ್ಯಾಲ ತೂಕದ ಮಾತು ತೆಗೀಬಾರ್ದೋ ಸಾಬ್ಯಾ. ಗಂಗವ್ವ ಕೇಳಿಸ್ಕೊಂತಾಳ. ಕೇಳಿಸ್ಕೊಂಡ್ರ ಬೇಡ್ತಾಳ" ಎಂದು ಹೇಳುತ್ತಿದ್ದ.

ದಪ್ಪಗಿದ್ದವರು ಬಂದರೆ "ದೊಡ್ಡವರು ನಡಕ ಕುಂದರ್ರಿ" ಎಂದು ಮರ್ಯಾದೆ ಕೊಟ್ಟವನಂತೆ ದೋಣಿಯ ನಡುವೆ ಕೂರಿಸುತ್ತಿದ್ದ. ಕೂತವರಿಗೆ ಖುಷಿ, ದೋಣಿಗೂ ಕ್ಷೇಮ. ನಾನು ಇವೆರಡನ್ನೂ ಅಪ್ಪನಿಂದ ಕಲಿತೆ. ಎರಡನೆಯದು ಎಷ್ಟು ಆಳವಾಗಿ ಕೂತಿತ್ತೆಂದರೆ ಅದು ನೇಮ ಎನ್ನುವುದೇ ನನಗೆ ಮರೆತುಹೋಗಿತ್ತು.

ಸರ್ಕಾರಿ ದೋಣಿಯ ಮೇಲೆ ಬಹಳ ವರ್ಷ ದುಡಿದ ಮೇಲೆ ಚಿಂಚೋಳಿಯಲ್ಲಿ ಜಲಕ್ರೀಡಾ ಕೇಂದ್ರ ಶುರುವಾಯಿತು. ನನ್ನನ್ನು ಕರಾವಳಿಗೆ ಕಳಿಸಿ ವಿಂಡ್‌ಸರ್ಫಿಂಗ್ ಕಲಿಸಿದರು. ಒಂದು ಬೋರ್ಡು, ಅದರ ಮೇಲೊಂದು ಹಾಯಿ, ಮನುಷ್ಯ ನಿಂತು ಹಾಯಿ ಹಿಡಿದರೆ ಗಾಳಿ ಎಳೆದುಕೊಂಡು ಹೋಗುತ್ತದೆ. ಅಂಬಿಗನ ಮಗನಿಗೆ ಇದೇನು ಮಹಾ ಎಂದು ಹೋದವನು ಮೊದಲ ದಿನ ಇಪ್ಪತ್ತು ಸಲ ಬಿದ್ದು ಉಪ್ಪುನೀರು ಕುಡಿದೆ. ಅಲ್ಲಿ ಕಲಿಸಿದ ಗುರುಗಳು ಒಂದೇ ಮಾತು ನೂರು ಸಲ ಹೇಳಿದರು: ಗಾಳಿ ಇದ್ದಾಗ ಎಲ್ಲ ಬೋರ್ಡೂ ತೇಲುತ್ತದೆ, ಗಾಳಿ ಬಿದ್ದಾಗ ನೋಡು. ನಾನು ತಲೆಯಾಡಿಸಿದೆ. ತಲೆಯಾಡಿಸುವುದೇನು, ಎಲ್ಲರೂ ಆಡಿಸುತ್ತಾರೆ.

ಅದರ ಅರ್ಥ ಇಷ್ಟೇ. ಪ್ರತಿ ಬೋರ್ಡಿನ ಮೇಲೂ ಅದು ಎಷ್ಟು ಲೀಟರಿನದು ಎಂದು ಬರೆದಿರುತ್ತದೆ. ಎಷ್ಟು ಲೀಟರೋ ಅಷ್ಟು ಕಿಲೋ ಹೊರುತ್ತದೆ. ಮನುಷ್ಯ, ಹಾಯಿ ಮತ್ತು ಅದರ ಕಂಬ, ತೊಯ್ದ ಬಟ್ಟೆ, ಬೋರ್ಡಿನ ಸ್ವಂತ ತೂಕ, ಎಲ್ಲವೂ ಅದರಲ್ಲೇ ಬಂತು. ಅಷ್ಟನ್ನೂ ಕಳೆದ ಮೇಲೆ ಏನು ಮಿಗುತ್ತದೋ ಅದೇ ಕಲಿಯುವವನ ಜೀವ. ಓಡುವಾಗ ಬೋರ್ಡ್ ತಾನೇ ನೀರಿನ ಮೇಲೆ ಏರುತ್ತದೆ, ಸಣ್ಣದೂ ಸಾಕಾಗುತ್ತದೆ. ಗಾಳಿ ನಿಂತು, ಹಾಯಿ ನೀರಿಗೆ ಬಿದ್ದು, ಅದನ್ನು ಹಗ್ಗದಿಂದ ಎತ್ತಲು ಎದ್ದು ನಿಂತಾಗ ಮಾತ್ರ ಮಿಗಿಸಿಟ್ಟದ್ದು ಬಿಟ್ಟು ಬೇರೆ ಯಾವುದೂ ಕೈಹಿಡಿಯುವುದಿಲ್ಲ.

ಕೇಂದ್ರದ ಮುಖ್ಯಸ್ಥರು ಶಹಾಬಾದಿನ ನಸೀಮಾ ಮೇಡಂ. ನಗುವುದು ಕಡಿಮೆ, ಕೇಳುವುದು ಜಾಸ್ತಿ. ಬಂದ ವಾರವೇ ಶಹಾಬಾದಿನ ಯಾವುದೋ ಅಂಗಡಿಯಿಂದ ನಿಂತು ತೂಗುವ ದೊಡ್ಡ ಕಾಂಟಾ ತರಿಸಿ ದಂಡೆಯ ಮೇಲೆ ಇರಿಸಿದರು. "ಸಾಬಣ್ಣಾ, ಇದರ ಮ್ಯಾಲ ನಿಂದರದೆ ಯಾರೂ ನೀರಿಗಿ ಇಳೀಬಾರ್ದು" ಎಂದರು. ನಾನು ಹೂಂ ಅಂದೆ. ಹದಿನೈದು ದಿನದಲ್ಲಿ ಆ ಕಾಂಟಾ ಸ್ಟೋರಿನ ಮೂಲೆ ಸೇರಿತು, ಅದರ ಮೇಲೆ ನಾನು ಲೈಫ್ ಜಾಕೆಟ್ ಒಟ್ಟಿದೆ. ಬಂದವರ ಹೆಸರು ಬರೆಯುವ ಫಾರ್ಮಿನಲ್ಲಿ ತೂಕದ ಮನೆಯೂ ಇತ್ತು, ಅದನ್ನು ನಾನೇ ಅಂದಾಜಿನಲ್ಲಿ ತುಂಬುತ್ತಿದ್ದೆ. ಬಂದವರನ್ನು ದೋಣಿಯಲ್ಲಿ ಕೂರಿಸಿ ಅಂಚಿಗೆ ಕೈಯಿಟ್ಟು, ಎಷ್ಟು ಬೆರಳು ಇಳಿಯಿತು ಎಂದು ನೋಡಿ ಹೇಳುತ್ತಿದ್ದೆ. ಎರಡು ಕಿಲೋ ಆಚೆ ಈಚೆ ಅಷ್ಟೇ. ಅದರ ಬಗ್ಗೆ ನನಗೆ ಸೊಕ್ಕು ಇತ್ತು, ಸುಳ್ಳೇಕೆ ಹೇಳಲಿ.

ಗುರುರಾಜಾಚಾರ್ಯರು ಬಂದದ್ದು ಆಗ. ಮೂಲ ಸೇಡಂನವರು, ಮನೆತನದಲ್ಲಿ ಗುಡಿಯ ಪೂಜೆ. ಇವರು ಚಿತ್ತಾಪುರದಲ್ಲಿ ಗಣಿತದ ಮಾಸ್ತರು. ಐವತ್ತರ ಹತ್ತಿರ, ಎತ್ತರ, ಅಗಲ, ದೊಡ್ಡ ನಗು. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದರು.

"ನೀವು ಅಂಬಿಗರ ಭೀಮಣ್ಣನ ಮಗ ಅಲ್ಲೇನ್ರಿ? ನಿಮ್ಮಪ್ಪ ನನಗ ಸಣ್ಣಾಂವ ಇದ್ದಾಗಿಂದ ದೋಣಿ ನಡಕ ಕುಂದರಿಸ್ತಿದ್ದ. ಒಂದಿನಾನೂ ಅಂಚಿಗಿ ಬಿಡ್ಲಿಲ್ಲ. ಶಾಲ್ಯಾಗೂ ಅಷ್ಟೇ, ಆಟದಾಗೂ ಅಷ್ಟೇ, ಗುರ್ಯಾ ನೀ ಕುಂದ್ರು, ಗುರ್ಯಾ ನೀ ನೋಡು. ನನಗ ಒಮ್ಮೆ ನೀರಿನ ಮ್ಯಾಲ ನಿಂದರಬೇಕಾಗ್ಯಾದ, ಸಾಬಣ್ಣಾ."

ನನಗೆ ಬಹಳ ಹಿಡಿಸಿದ ಮನುಷ್ಯ. ರಜೆಯ ನಾಲ್ಕು ದಿನ ಹಳೆಯ ಉದ್ದನೆಯ ಬೋರ್ಡಿನ ಮೇಲೆ ಕಲಿಸಿದೆ. ಅದು ಮಂಚದಷ್ಟು ಅಗಲ, ಆನೆ ಹತ್ತಿದರೂ ಮುಳುಗದು, ಆದರೆ ತಿರುಗಿಸಲು ಹರಸಾಹಸ. ಮಾಸ್ತರು ನಿಂತರು, ಸಾಗಿದರು. ಐದನೆಯ ದಿನ ಬೆಳಿಗ್ಗೆ ನೋಡಿದರೆ ಹಳೆಯ ಬೋರ್ಡಿನ ಹಿಂಬದಿ ಬಿರುಕು ಬಿಟ್ಟು ನೀರು ಕುಡಿಯುತ್ತಿತ್ತು. ಇನ್ನು ಉಳಿದದ್ದು ನೂರಾ ಮೂವತ್ತು ಲೀಟರಿನ ಹೊಸ ತೆಳು ಬೋರ್ಡ್. ಮಾಸ್ತರಿಗೆ ಅದು ತಡೆಯುತ್ತದೋ ಇಲ್ಲವೋ ಎಂದು ನೋಡಬೇಕಿತ್ತು. ಕಾಂಟಾ ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು. ನಾನು ಅವರನ್ನು ದೋಣಿಯಲ್ಲಿ ಕೂರಿಸಿದೆ.

"ಮಾಸ್ತರ್ರೀ, ಜರಾ ನಡಕ ಕುಂದರ್ರಿ" ಎಂದು ಅಂಚಿಗೆ ಕೈಯಿಟ್ಟೆ. ಲೆಕ್ಕ ಹಾಕಿದೆ. ಎಂಬತ್ತೆರಡು. ಫಾರ್ಮಿನಲ್ಲಿ ಬರೆದೆ. ಎಂಬತ್ತೆರಡಾದರೆ ಹಾಯಿ, ಬಟ್ಟೆ ಎಲ್ಲ ಕಳೆದು ಆ ಹಗುರ ಬೋರ್ಡಿನಲ್ಲಿ ಇಪ್ಪತ್ತೈದು ಲೀಟರ್ ಮಿಗುತ್ತದೆ, ನಾಲ್ಕು ದಿನ ಕಲಿತವರಿಗೆ ಹೇಗೋ ನಡೆಯುತ್ತದೆ. ದೋಣಿ ಅಲುಗಾಡಿದ್ದಕ್ಕೆ ಹೆದರಿ ಮಾಸ್ತರು ಒಂದು ಕಾಲನ್ನು ದಂಡೆಯ ಫರಸಿ ಕಲ್ಲಿನ ಮೆಟ್ಟಿಲ ಮೇಲೆ ಗಟ್ಟಿಯಾಗಿ ಊರಿಕೊಂಡಿದ್ದರು. ಭಾರದ ಒಂದು ಪಾಲು ಮೆಟ್ಟಿಲ ಮೇಲಿತ್ತು. ಅದನ್ನು ನಾನು ಕಣ್ಣಾರೆ ಕಂಡೆ, ಕಂಡೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಗಾಳಿ ಚೆನ್ನಾಗಿತ್ತು. ಬೋರ್ಡ್ ಓಡಿತು. ಮಾಸ್ತರು ನೀರಿನ ನಡುವೆ ಹಾಯಿ ಹಿಡಿದು ನೆಟ್ಟಗೆ ನಿಂತು "ಸಾಬಣ್ಣಾ, ನಿಂತೀನಿ ನೋಡ್ರಿ!" ಎಂದು ಕೂಗಿದ್ದು ದಂಡೆಗೆ ಕೇಳಿಸಿತು. ನನಗೂ ಕುಣಿಯುವಷ್ಟು ಸಂತೋಷ. ತಿರುಗಿ ಬರ್ರಿ ಎಂದು ಕೈ ಬೀಸಿದೆ. ತಿರುಗಿಸುವ ಹೊತ್ತಿಗೆ ಗಾಳಿ ಬಿತ್ತು. ಬಿತ್ತು ಎಂದರೆ ಒಮ್ಮೆಲೇ, ಯಾರೋ ಕದ ಮುಚ್ಚಿದ ಹಾಗೆ.

ಅವರು ಬಿದ್ದರು. ಸರಿ, ಏಳುತ್ತಾರೆ ಅಂದುಕೊಂಡೆ. ಬೋರ್ಡ್ ಹತ್ತಿದರು, ಎದ್ದು ನಿಂತರು, ಹಗ್ಗ ಹಿಡಿದರು. ನಿಂತಲ್ಲೇ ಬೋರ್ಡ್ ಕೆಳಗೆ ಹೋಯಿತು. ಪಾದ ಮುಳುಗಿತು, ಮೀನಖಂಡದವರೆಗೆ ನೀರು ಬಂತು, ಹಾಗೇ ಪಕ್ಕಕ್ಕೆ ಹೊರಳಿ ಬಿದ್ದರು. ಮತ್ತೆ ಹತ್ತಿದರು. ಮತ್ತೆ ಮುಳುಗಿತು. ಮೂರನೆಯ ಸಲವೂ ಮುಳುಗಿತು. ಮನುಷ್ಯ ಎಂಬತ್ತೆರಡಲ್ಲ ಎಂಬುದು ಆಗ ಹೊಳೆಯಿತು. ನೀರಿನ ಸೆಳೆತ ಅವರನ್ನು ಮೆಲ್ಲಗೆ ಒಣ ಜಾಲಿ ಮರಗಳ ಕಡೆ ಒಯ್ಯುತ್ತಿತ್ತು. ಅಣೆಕಟ್ಟು ಕಟ್ಟಿದಾಗ ಮುಳುಗಿದ ಮರಗಳು ಅವು, ತುದಿ ಮಾತ್ರ ಮೇಲೆ, ನಡುವೆ ಮೀನುಗಾರರ ಬಲೆ.

ಮೋಟಾರ್ ದೋಣಿ ಬಿಟ್ಟೆ. ಬಲೆಗಳ ನಡುವೆ ಮೋಟಾರ್ ಹೋಗದು ಎಂದು ಗೊತ್ತಿತ್ತು, ಅದಕ್ಕೆ ಬಿರುಕು ಬಿಟ್ಟ ಹಳೆಯ ಬೋರ್ಡನ್ನೇ ದೋಣಿಯ ಮೇಲೆ ಅಡ್ಡ ಹಾಕಿಕೊಂಡೆ. ಮರಗಳ ಹತ್ತಿರ ಮೋಟಾರ್ ಆರಿಸಿ, ದೋಣಿಯನ್ನು ಒಂದು ಟೊಂಗೆಗೆ ಕಟ್ಟಿ, ಬೋರ್ಡಿನ ಮೇಲೆ ಬೋರಲು ಮಲಗಿ ಕೈಯಿಂದ ಹುಟ್ಟು ಹಾಕಿದೆ. ಮುಳ್ಳು ತೋಳಿಗೆ ಗೀರಿದ್ದು ಆಮೇಲೆ ಗೊತ್ತಾಯಿತು. ಮಾಸ್ತರರ ಕಾಲು ಬಲೆಗೆ ಸಿಕ್ಕಿತ್ತು. ಜಾಕೆಟ್ ಮೇಲಕ್ಕೆ ಎತ್ತುತ್ತದೆ, ಬಲೆ ಕೆಳಕ್ಕೆ ಎಳೆಯುತ್ತದೆ. ಮುಖ ಮೇಲೆ ಬಂದಾಗ ಉಸಿರು, ಅಲೆ ಬಂದಾಗ ನೀರು. ಕೈಯಲ್ಲಿ ಇನ್ನೂ ಹಾಯಿಯ ಹಗ್ಗ ಹಿಡಿದೇ ಇದ್ದರು, ನಾನು ಬಿಡಬೇಡಿ ಎಂದು ಕಲಿಸಿದ್ದೆನಲ್ಲ.

"ಹಗ್ಗ ಬಿಡ್ರಿ ಮಾಸ್ತರ್ರೀ! ಇದನ್ನ ಹಿಡೀರಿ!"

ಹಿಡಿದರು. ನಾನು ನೀರಿಗಿಳಿದು ಚಾಕುವಿನಿಂದ ಬಲೆ ಕೊಯ್ದೆ. ಮೂರು ಸಲ ಮುಳುಗಿದೆ, ಮೂರನೆಯ ಸಲಕ್ಕೆ ಕಾಲು ಬಿಡಿಸಿಕೊಂಡಿತು. ಅವರನ್ನು ಹಳೆಯ ಬೋರ್ಡಿನ ಮೇಲೆ ದಬ್ಬಿದೆ. ನೀರು ಕುಡಿದ ಬೋರ್ಡು, ಆದರೂ ಅವರನ್ನು ಹೊತ್ತಿತು, ನಾನು ಅಂಚಿಗೆ ಜೋತುಬಿದ್ದೆ. ಬಹಳ ಹೊತ್ತು ಕೆಮ್ಮಿದರು. ಆಮೇಲೆ ನನ್ನ ಮುಖ ನೋಡಿ ಮೆಲ್ಲಗೆ ಹೇಳಿದರು.

"ನೂರಾ ಆರು, ಸಾಬಣ್ಣಾ. ನನ್ನ ತೂಕ ನೂರಾ ಆರು. ನೀವು ಕೇಳಿದ್ರ ಹೇಳ್ತಿದ್ನಲ್ರಿ."

ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ನಾನು ಅಲ್ಲಿಯೇ, ನೀರಿನಲ್ಲಿಯೇ ಅತ್ತೆ.

ಅವರನ್ನು ಆಸ್ಪತ್ರೆಗೆ ಕಳಿಸಿದ ಮೇಲೆ ಮೇಡಂ ನನ್ನನ್ನು ಕರೆದರು. ಮೇಜಿನ ಮೇಲೆ ಫಾರ್ಮ್ ಇತ್ತು.

"ಎಂಬತ್ತೆರಡು ಅಂತ ಬರ್ದೀರಿ. ಯಾರು ತೂಕ ಮಾಡಿದ್ರು?"

"ನಾನೇ ಮೇಡಂ, ನೋಡಿ..."

"ಕಾಂಟಾ ಎಲ್ಲದ?"

ನಾನು ಸ್ಟೋರಿನ ಕಡೆ ಕೈ ತೋರಿದೆ. ಮೇಡಂ ಸ್ಟೋರಿಗೆ ಹೋಗಿ, ಒಟ್ಟಿದ್ದ ಜಾಕೆಟುಗಳನ್ನು ಒಂದೊಂದಾಗಿ ತೆಗೆದು ಬದಿಗಿಟ್ಟರು. ನಾನು ಬಾಗಿಲಲ್ಲಿ ನಿಂತು ಅಪ್ಪನ ಮಾತು, ಗಂಗವ್ವನ ಮಾತು, ಎಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೇ ನಾಚಿಕೆಯಾಯಿತು. ಅವರು ನಗಲಿಲ್ಲ, ಹೀಯಾಳಿಸಲಿಲ್ಲ. ಕಾಂಟಾ ಎಳೆದು ದಂಡೆಗೆ ತರಿಸಿ, ಎಲ್ಲ ಸಿಬ್ಬಂದಿಯೆದುರು ಚಪ್ಪಲಿ ಬಿಚ್ಚಿ ತಾವೇ ಮೊದಲು ಏರಿದರು.

"ಎಪ್ಪತ್ತೊಂಬತ್ತು. ಬರ್ಕೊಳ್ರಿ. ಈಗ ನೀವು ಹತ್ರಿ ಸಾಬಣ್ಣಾ. ಗಟ್ಟಿಯಾಗಿ ಹೇಳ್ರಿ, ನಿಮ್ಮ ಗಂಗವ್ವಗ ಕೇಳಿಸ್ಲಿ."

ಹತ್ತಿದೆ. "ಅರವತ್ತನಾಲ್ಕು" ಎಂದು ನೀರಿನ ಕಡೆ ಮುಖ ಮಾಡಿ ಕೂಗಿದೆ. ಏನೂ ಆಗಲಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆದುಕೊಡಿರಿ ಎಂದರು ಮೇಡಂ, ಬರೆದುಕೊಟ್ಟೆ. ಮೇಲಿಂದ ನೋಟಿಸ್ ಬಂತು, ತಲೆ ತಗ್ಗಿಸಿ ಸಹಿ ಹಾಕಿದೆ. ಆವತ್ತಿನಿಂದ ಕಲಿಸುವವರೇ ಮೊದಲು ಕಾಂಟಾ ಏರಿ ತಮ್ಮ ತೂಕ ಹೇಳಬೇಕು, ಆಮೇಲೆ ಬಂದವರದು, ಆಮೇಲೆ ಬೋರ್ಡು.

ಮುಂದಿನ ಭಾನುವಾರ ಚಿತ್ತಾಪುರಕ್ಕೆ ಹೋದೆ. ಮಾಸ್ತರರ ಮನೆಯವರು ಬಾಗಿಲಲ್ಲೇ ತಡೆದರು. "ಮತ್ತ ಕರೀಲಿಕ್ಕಿ ಬಂದೀರೇನು? ಒಮ್ಮೆ ನಿಮ್ಮ ಕೈಗಿ ಕೊಟ್ಟು ಕಳಿಸಿದ್ದು ಸಾಲಲಿಲ್ಲೇನು?" ಎಂದರು. ಅವರು ಅಂದದ್ದರಲ್ಲಿ ಏನು ತಪ್ಪು? ತಪ್ಪಾಯ್ತು ತಾಯಿ ಎಂದು ಕೈಮುಗಿದು ನಿಂತೆ. ಒಳಗಿಂದ ಮಾಸ್ತರು ಕರೆದು ಕೂರಿಸಿ, ನಾನು ಬಂದ ಕೆಲಸ ಕೇಳಿ, ಕಾಗದ ಪೆನ್ನು ತೆಗೆದರು.

ಕೇಂದ್ರಕ್ಕೆ ಒಂದೇ ಒಂದು ಹೊಸ ಬೋರ್ಡ್ ಮಂಜೂರಾಗಿತ್ತು. ಯಾವುದು ಎಂದು ಆರಿಸುವ ಕೆಲಸವನ್ನು ಮೇಡಂ ನನಗೇ ಹಚ್ಚಿದ್ದರು, ಅದೇ ಅವರು ಕೊಟ್ಟ ಶಿಕ್ಷೆ. ಮೇಲಿನ ಕಚೇರಿಯವರಿಗೆ ನೂರೈವತ್ತು ಲೀಟರಿನ ಕೆಂಪು ಬಣ್ಣದ್ದು ಚಂದ ಕಂಡಿತ್ತು. ಮಾಸ್ತರು ತಮ್ಮ ನೂರಾ ಆರು ಬರೆದರು. ಹಾಯಿ ಹತ್ತು, ಬೋರ್ಡ್ ಹನ್ನೆರಡು, ತೊಯ್ದ ಬಟ್ಟೆ ನಾಲ್ಕು. ಒಟ್ಟು ನೂರಾ ಮೂವತ್ತೆರಡು. ಕೆಂಪಿನದರಲ್ಲಿ ಮಿಗುವುದು ಹದಿನೆಂಟು, ಕಲಿಯುವವನಿಗೆ ಏನೇನೂ ಸಾಲದು. ಹಾಗಂತ ಹಳೆಯ ಮಂಚದಂಥದ್ದೇ ತಂದರೆ ಆಷಾಢದ ಗಾಳಿಗೆ ಅದು ಓಡದು, ತಿರುಗದು, ಒಂದು ತಿಂಗಳಲ್ಲಿ ಮನುಷ್ಯನಿಗೆ ಬೇಸರ. ದಪ್ಪಗಿದ್ದವರಿಗೆ ತೇಲುವುದಷ್ಟೇ ಸಾಕು ಎಂದು ತಿಳಿಯುವುದೂ ಒಂದು ಅವಮಾನವೇ. ಅವರಿಗೂ ಓಡುವ ಆಸೆ ಇರುತ್ತದೆ.

ಕೊನೆಗೆ ಇನ್ನೂರೈದು ಲೀಟರಿನದನ್ನು ಆರಿಸಿದೆವು. ಉದ್ದ ಕಡಿಮೆ, ಅಗಲ ಜಾಸ್ತಿ, ಹಿಂಬದಿಯೂ ಅಗಲ. ಹೊಟ್ಟೆಯ ಕೆಳಗೆ ಒಂದು ರೆಕ್ಕೆ, ಗಾಳಿ ಕಡಿಮೆಯಿದ್ದಾಗ ಇಳಿಸಿದರೆ ಬೋರ್ಡ್ ಹೊರಳದೆ ನಿಲ್ಲುತ್ತದೆ, ಗಾಳಿ ಹೆಚ್ಚಾದಾಗ ಒಳಗೆ ಎಳೆದುಕೊಂಡರೆ ಹಗುರಾಗಿ ಓಡುತ್ತದೆ. ಕಾಲು ಸಿಕ್ಕಿಸುವ ಪಟ್ಟಿ ಬೇಕಾದಾಗ ಹಾಕಬಹುದು. ಸಣ್ಣ ಹಾಯಿ ಕಟ್ಟಿದರೆ ಹಗುರಿನವರಿಗೂ ಆಯಿತು, ದೊಡ್ಡ ಹಾಯಿ ಕಟ್ಟಿದರೆ ಮಾಸ್ತರಿಗೂ ಆಯಿತು. ಕೆಂಪು ಬಣ್ಣವಿಲ್ಲ, ಸಪ್ಪೆ ಬಿಳಿ. ಮೇಡಂ ಮೇಲಿನವರ ಜೊತೆ ಜಗಳ ಮಾಡಿ ಅದನ್ನೇ ತರಿಸಿದರು.

ಹೊರಡುವಾಗ ಮಾಸ್ತರು ಹೇಳಿದ್ದರು: "ಬೋರ್ಡ್ ಬಂದ್ರ ಬರ್ತೀನಿ. ಆದ್ರ ಗಾಳಿ ಇದ್ದಾಗ ಕರೀಬ್ಯಾಡ್ರಿ. ಗಾಳಿ ಬೀಳೂ ಹೊತ್ತಿಗೇ ಕರೀರಿ."

ಬಂದರು. ಕಾಂಟಾ ಮೇಲೆ ನಾನು ಹತ್ತಿ ಕೂಗಿದೆ, ಅವರು ಹತ್ತಿ ಕೂಗಿದರು. ಇಳಿಹೊತ್ತಿನ ಗಾಳಿಯಲ್ಲಿ ನೀರಿಗಿಳಿದರು. ನಾನು ದೋಣಿಯಲ್ಲಿ ಹತ್ತು ಮಾರು ಹಿಂದೆ. ಗಾಳಿ ಸಡಿಲಾಯಿತು, ನಿಂತಿತು. ಹಾಯಿ ಬಿತ್ತು, ಮಾಸ್ತರೂ ಬಿದ್ದರು. ಬೋರ್ಡ್ ಹತ್ತಿ ಮೊಣಕಾಲ ಮೇಲೆ ಕೂತರು, ಅಲ್ಲಿಯೇ ಉಳಿದರು. ಏಳಲಿಲ್ಲ. ನಾನು ದೋಣಿ ಮುಂದಕ್ಕೆ ತಂದೆ.

"ಬ್ಯಾಡ್ರಿ, ಬರಬ್ಯಾಡ್ರಿ" ಎಂದು ಕೈ ತೋರಿದರು. ದಂಡೆಯಲ್ಲಿ ಮೇಡಂ ಕೂತಿದ್ದವರು ಎದ್ದು ನಿಂತರು. ಎಷ್ಟು ಹೊತ್ತೋ ಏನೋ. ಆಮೇಲೆ ಮಾಸ್ತರು ಒಂದು ಕಾಲು ಇಟ್ಟರು, ಇನ್ನೊಂದು ಇಟ್ಟರು, ನಿಂತರು. ಬೋರ್ಡ್ ಒಮ್ಮೆ ತೂಗಿ ತಡೆದುಕೊಂಡಿತು. ಪಾದ ಮುಳುಗಲಿಲ್ಲ. ಹಗ್ಗ ಹಿಡಿದು ಹಿಂದಕ್ಕೆ ವಾಲಿದರು, ಹಾಯಿ ನೀರು ಸುರಿಸುತ್ತ ಮೇಲೆದ್ದಿತು.

ನನಗೆ ತಡೆಯಲಾಗಲಿಲ್ಲ. ದೋಣಿ ಹತ್ತಿರ ತಂದು, ಬಗ್ಗಿ, ಬೋರ್ಡಿನ ಅಂಚಿಗೆ ಕೈಯಿಟ್ಟೆ. ಎರಡು ಬೆರಳು ನೀರಿನ ಮೇಲಿತ್ತು. ಬೋರ್ಡ್ ದೋಣಿಯ ಹಾಗೆ ಒಳಗೆ ನೀರು ತುಂಬಿಕೊಳ್ಳುವುದಿಲ್ಲ, ಅದಕ್ಕೆ ಎರಡು ಸಾಕು. ಅಪ್ಪನ ಬೆರಳಿನ ನೇಮ ತಪ್ಪಿರಲಿಲ್ಲ. ಕೇಳದೆ ಅಳೆದದ್ದು ತಪ್ಪು.

"ಎಷ್ಟದ್ರಿ?" ಎಂದು ಮಾಸ್ತರು ಮೇಲಿಂದ ಕೇಳಿದರು.

"ಎರಡು" ಅಂದೆ.

ಇಷ್ಟು ಬರೆದು ಮೊನ್ನೆ ರಾತ್ರಿಯೇ ಫೋಟೊ ಕಳಿಸಿದೆ. ಅಂಬಿಕಾ ಓದಿದಳು, ಅದರ ಗುರುತು ಫೋನಿನಲ್ಲಿ ಬಂತು, ಉತ್ತರ ಬರಲಿಲ್ಲ. ಬೈಸಿಕೊಂಡ ಹುಡುಗಿ, ಸಿಟ್ಟಿಗೆದ್ದಿರಬೇಕು. ಇವತ್ತು ಬೆಳಗಿನಿಂದ ನಾನು ಮನೆಯಲ್ಲಿ ಒಂದು ಕಡೆ ಕೂತಿಲ್ಲ. ಊಟಕ್ಕೆ ಕೂತು ಎದ್ದೆ. ನಾಲ್ಕು ಗಂಟೆಗೆ ಅಂಗಳದ ಬೇವಿನ ಎಲೆ ಅಲುಗಾಡುವುದು ನಿಂತಿತು, ಅಲ್ಲಿಯೂ ಗಾಳಿ ಬಿದ್ದಿರುತ್ತದೆ ಎಂದುಕೊಂಡೆ. ಐದಕ್ಕೆ ಫೋನ್ ಬಂತು.

"ಸರ್, ಅಕ್ಕಾರು ಬಂದಿದ್ರು. ಮೊದಲ ನಾನೇ ಕಾಂಟಾ ಏರಿದೆ. ಐವತ್ತೊಂದು ಅಂತ ಗಟ್ಟಿಯಾಗಿ ಹೇಳ್ದೆ. ಆಮ್ಯಾಲ ಕೇಳಿದೆ."

"ಬ್ಯಾಸರ ಮಾಡ್ಕೊಂಡ್ರೇನು?"

"ಇಲ್ರಿ. ನೂರಾ ಹದಿನಾಲ್ಕು ಅಂದ್ರು. ಎಲ್ಲಾ ಕಡೆ ನನ್ನ ನೋಡಿದ ಕೂಡ್ಲೇ 'ನಿಮಗಾಗಂಗಿಲ್ಲ' ಅಂತಾರ, ತೂಕ ಕೇಳಿದಾಕಿ ನೀನೇ ಮೊದಲ ಅಂದ್ರು."

ನೂರಾ ಹದಿನಾಲ್ಕು. ಈ ಹುಡುಗಿ ನೋಡಿ ತೊಂಬತ್ತು ಅಂದಿದ್ದಳು.

"ಬಿಳಿ ಬೋರ್ಡ್ ಕೊಟ್ಟಿ ಹೌದಿಲ್ಲೋ? ಗಾಳಿ ಬಿದ್ದಾಗ ನಿಂತ್ರೇನು? ಅಂಚಿಗಿ ಕೈ ಇಟ್ಟು ನೋಡಿದ್ಯಾ?"

"ನೋಡಿದೆ ಸರ್. ನಿಂತಾಗ ಎರಡೂವರಿ ಬೆರಳು. ನನ್ನ ಬೆರಳು ಸಣ್ಣವ, ನಿಮ್ಮ ಲೆಕ್ಕಕ್ಕ ಎರಡು ಅಂತ ಹಿಡೀರಿ."